ಕೋಟೇಶ್ವರದ ಕೋಣೆಯಲ್ಲಿ ಬಾಳೆಬರೆ ಘಾಟಿ

ಕೋಟೇಶ್ವರದಲ್ಲಿ ಸೈಕಲ್ ತುಳಿಯುವವರಿಗೆ ಏರು ಎಂಬುದಿಲ್ಲ. ಪಡುವಣಕ್ಕೆ ಹೋದರೆ ಕೋಡಿ ಕಡಲು, ಬಡಗಣಕ್ಕೂ ತೆಂಕಣಕ್ಕೂ ರಾಷ್ಟ್ರೀಯ ಹೆದ್ದಾರಿ 66. ಎತ್ತ ತಿರುಗಿದರೂ ನೆಲ ಅಂಗೈಯಂತೆ ಸಪಾಟು. ಹತ್ತಿರದ 'ಬೆಟ್ಟ' ಯಾವುದೆಂದರೆ ಕುಂದಾಪುರದ ಶಾಸ್ತ್ರಿ ಸರ್ಕಲ್ ಫ್ಲೈಓವರ್ ಎಂದು ಇಲ್ಲಿನ ಸೈಕಲ್ ಸವಾರರು ತಮಾಷೆ ಮಾಡುವುದುಂಟು. ನಿಜವಾದ ಏರು ಬೇಕಾದರೆ ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ ದಾಟಿ ನಲವತ್ತು ಕಿಲೋಮೀಟರ್ ಆಸುಪಾಸಿನ ಹೊಸಂಗಡಿಗೆ ಹೋಗಿ, ಬಾಳೆಬರೆ ಘಾಟಿಯ ಬುಡ ಮುಟ್ಟಬೇಕು. ಹುಲಿಕಲ್ ಘಾಟಿ ಎಂದು ಕರೆಯುವುದೂ ಇದನ್ನೇ. ಇಲ್ಲವಾದರೆ ಕೊಲ್ಲೂರಿನಾಚೆಯ ನಾಗೋಡಿ ಘಾಟಿ. ಅದೂ ಸಾಲದಿದ್ದರೆ ಹೆಬ್ರಿ, ಸೋಮೇಶ್ವರದ ಮೇಲಿನ ಹದಿನಾಲ್ಕು ತಿರುವಿನ ಆಗುಂಬೆ.

ಜೂನ್ ಬಂತೆಂದರೆ ಇವೆಲ್ಲವೂ ದೂರ. ಕರಾವಳಿಯಲ್ಲಿ ವರ್ಷಕ್ಕೆ ಸುರಿಯುವ ಸುಮಾರು 4000 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಬಂದುಬಿಡುತ್ತದೆ. ಘಾಟಿಯ ಮೇಲೆ ಅದಕ್ಕೂ ಹೆಚ್ಚು. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿ ಹುಲಿಕಲ್ಲೂ ಇದೆ, ಆಗುಂಬೆಯೂ ಇದೆ. ಮಂಜು, ಪಾಚಿಗಟ್ಟಿದ ರಸ್ತೆ ಅಂಚು, ಕುಸಿಯುವ ಧರೆ, ತಿರುವಿನಲ್ಲಿ ಪೂರ್ತಿ ರಸ್ತೆ ಹಿಡಿದು ಬರುವ ಲಾರಿ. ಆ ನಾಲ್ಕು ತಿಂಗಳು ಘಾಟಿಯನ್ನೇ ಕೋಣೆಯೊಳಗೆ ತಂದುಕೊಳ್ಳಲು ಆದೀತೇ ಎನ್ನುವವರಿಗೆ ಸ್ಮಾರ್ಟ್ ಟ್ರೇನರ್ ಎಂಬ ಯಂತ್ರವಿದೆ. ಅದು ಏರನ್ನು ಹೇಗೆ ನಟಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಈ ಲೇಖನದ ವಿಷಯ.

ಶೇ. 10ರ ಏರು ಎಂದರೆ

ನೂರು ಮೀಟರ್ ಮುಂದೆ ಹೋಗುವಾಗ ಹತ್ತು ಮೀಟರ್ ಮೇಲೆ ಏರಿದರೆ ಅದು ಶೇ. 10ರ ಏರು. ಕೋನದ ಲೆಕ್ಕದಲ್ಲಿ ಆರು ಡಿಗ್ರಿಯೂ ತುಂಬುವುದಿಲ್ಲ. ಕಾಗದದ ಮೇಲೆ ಗೀಚಿ ನೋಡಿದರೆ 'ಇಷ್ಟೇನಾ' ಅನಿಸುತ್ತದೆ, ಕಾಲಿಗೆ ಹಾಗನಿಸುವುದಿಲ್ಲ.

ಇದನ್ನು ಅಳೆಯಲು ಉಪಗ್ರಹ ಬೇಕಾಗಿಲ್ಲ. ಗಾರೆ ಕೆಲಸದವರ ಬಳಿ ಇರುವ ಒಂದು ಮೀಟರ್ ಉದ್ದದ ಲೆವೆಲ್ ಪಟ್ಟಿಯ ಒಂದು ತುದಿಯನ್ನು ರಸ್ತೆಯ ಮೇಲೆ ಇಟ್ಟು, ಗುಳ್ಳೆ ನಡುವಿಗೆ ಬರುವ ತನಕ ಇನ್ನೊಂದು ತುದಿಯನ್ನು ಎತ್ತಿ ಹಿಡಿಯಿರಿ. ಎತ್ತಿದ ತುದಿಗೂ ರಸ್ತೆಗೂ ನಡುವೆ ಎಷ್ಟು ಸೆಂಟಿಮೀಟರ್ ಇದೆಯೋ ಅಷ್ಟೇ ಶೇಕಡಾ ಏರು. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಹೀಗೆ ಮಾಡಿದರೆ ಒಂದು ಸಂಗತಿ ತಿಳಿಯುತ್ತದೆ: ತಿರುವಿನ ಒಳ ಅಂಚಿನಲ್ಲಿ ಬರುವ ಅಳತೆಯೇ ಬೇರೆ, ಹೊರ ಅಂಚಿನದೇ ಬೇರೆ. ಏರುವ ಎತ್ತರ ಎರಡಕ್ಕೂ ಒಂದೇ, ಒಳಗಿನ ದಾರಿ ಮಾತ್ರ ಗಿಡ್ಡ. ಹಾಗಾಗಿ 'ಈ ಘಾಟಿ ಇಷ್ಟು ಪರ್ಸೆಂಟ್' ಎಂಬ ಮಾತು ಯಾವಾಗಲೂ ಸರಾಸರಿಯ ಮಾತು. ಕಾಲು ಹಿಡಿದುಕೊಳ್ಳುವುದು ಸರಾಸರಿಯಲ್ಲಿ ಅಲ್ಲ, ಬಾಳೆಬರೆ ದಾರಿಯ ಚಂಡಿಕಾಂಬೆಯ ಗುಡಿ ಇನ್ನೂ ಮೇಲಿದೆ ಎನ್ನುವಾಗ ಬರುವ ಆ ಎರಡು ತಿರುವುಗಳಲ್ಲಿ.

ಎಂಟು ಕಿಲೋಮೀಟರ್, ಮೂವತ್ಮೂರು ಕಿಲೋಮೀಟರ್

ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಎಂದಿಟ್ಟುಕೊಳ್ಳೋಣ. ಶೇ. 10ರ ಏರಿನಲ್ಲಿ ಗುರುತ್ವವೊಂದೇ ಸುಮಾರು 78 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಟಯರು ಉರುಳುವ ತಡೆ ನಾಲ್ಕು ನ್ಯೂಟನ್, ಗಾಳಿಯ ತಡೆ ಒಂದು. ಗಂಟೆಗೆ 8 ಕಿ.ಮೀ. ವೇಗದಲ್ಲಿ ಇದನ್ನು ಮೀರಿ ಹೋಗಲು, ಚೈನಿನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ, 190 ವ್ಯಾಟ್ ಬೇಕು. ನಿತ್ಯ ಅಭ್ಯಾಸವಿರುವ ಸಾಮಾನ್ಯ ಸವಾರ ಇಷ್ಟನ್ನು ಮುಕ್ಕಾಲು ಗಂಟೆ ಕೊಡಬಲ್ಲ.

ಅದೇ 190 ವ್ಯಾಟನ್ನು ಕೋಟೇಶ್ವರದ ಹೆದ್ದಾರಿಯಲ್ಲಿ ಕೊಟ್ಟರೆ, ಗಾಳಿ ಇಲ್ಲದ ಬೆಳಗಿನಲ್ಲಿ, ರೇಸಿಂಗ್ ಸೈಕಲು ಗಂಟೆಗೆ 32–33 ಕಿ.ಮೀ. ಓಡುತ್ತದೆ. ಅಲ್ಲಿ ಹೋರಾಟವೆಲ್ಲ ಗಾಳಿಯ ಜತೆ. ಘಾಟಿಯಲ್ಲಿ ಗಾಳಿ ಲೆಕ್ಕಕ್ಕೇ ಇಲ್ಲ, ಇರುವುದು ತೂಕ ಮಾತ್ರ. ಕೆಲಸ ಎರಡು ಕಡೆಯೂ ಒಂದೇ, ವೇಗದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಇದೊಂದನ್ನು ನೆನಪಿಟ್ಟುಕೊಳ್ಳಿ, ಟ್ರೇನರ್‌ನ ಎಲ್ಲ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ.

ನಡುವೆ ಒಂದು ಮಾತು. ಹೊಸಂಗಡಿಯಲ್ಲೇ, ನೆಲದಡಿಯಲ್ಲಿ, ವಾರಾಹಿ ವಿದ್ಯುದಾಗಾರವಿದೆ. 115 ಮೆಗಾವ್ಯಾಟ್‌ನ ನಾಲ್ಕು ಯಂತ್ರಗಳು, ಒಟ್ಟು 460 ಮೆಗಾವ್ಯಾಟ್. ಮೇಲಿಂದ ಇಳಿಯುವ ನೀರು ಕೊಡುವುದನ್ನೇ ಸವಾರ ಅದೇ ಘಟ್ಟವನ್ನು ಹತ್ತಿ ಹಿಂದಿರುಗಿಸುತ್ತಾನೆ ಎನ್ನಬಹುದು. ಲೆಕ್ಕ ಮಾತ್ರ ನಾಚಿಕೆ ಹುಟ್ಟಿಸುವಂಥದ್ದು: 80 ಕಿಲೋವನ್ನು 500 ಮೀಟರ್ ಮೇಲೆತ್ತಿದರೆ ಆಗುವ ಕೆಲಸ ಕರೆಂಟು ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್‌ನ ಹತ್ತನೇ ಒಂದು ಪಾಲು, ಒಂಚೂರು ಹೆಚ್ಚು. ಅಷ್ಟಕ್ಕೆ ದೇಹ ಸುಡುವುದು ಸುಮಾರು 400 ಕಿಲೋಕ್ಯಾಲರಿ. ನಮ್ಮ ಮೈಯೆಂಬ ಯಂತ್ರದ ದಕ್ಷತೆ ಶೇ. 22–23ರ ಹತ್ತಿರ, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಆ ಬಿಸಿಯ ಮಾತು ಮುಂದೆ ಬರುತ್ತದೆ.

ಯಂತ್ರದೊಳಗೆ

ಟ್ರೇನರ್‌ನಲ್ಲಿ ಎರಡು ಬಗೆ. ಹಿಂದಿನ ಚಕ್ರವನ್ನು ಹಾಗೇ ಇಟ್ಟು, ಟಯರಿಗೆ ಒಂದು ಉರುಳೆಯನ್ನು ಒತ್ತಿಕೊಡುವುದು ಒಂದು ಬಗೆ. ಅಗ್ಗ, ಆದರೆ ಎದ್ದು ನಿಂತು ತುಳಿದರೆ ಟಯರು ಜಾರುತ್ತದೆ. ಕಡಿದಾದ ಏರಿಗೆ ಇದು ಆಗುವ ಮಾತಲ್ಲ. ಇನ್ನೊಂದರಲ್ಲಿ ಹಿಂದಿನ ಚಕ್ರವನ್ನೇ ಕಳಚಿ, ಚೈನನ್ನು ನೇರವಾಗಿ ಯಂತ್ರದ ಹಲ್ಲುಚಕ್ರಕ್ಕೆ ಹಾಕುತ್ತಾರೆ. ಡೈರೆಕ್ಟ್ ಡ್ರೈವ್ ಎಂದು ಅದರ ಹೆಸರು. ಒಳಗೊಂದು ಬೆಲ್ಟು, ಬೆಲ್ಟಿನ ತುದಿಯಲ್ಲಿ ಐದಾರು ಕಿಲೋ ತೂಕದ ಫ್ಲೈವೀಲ್, ಅದರ ಬಳಿ ತಂತಿ ಸುತ್ತಿದ ವಿದ್ಯುತ್ಕಾಂತ.

ತಡೆ ಹುಟ್ಟುವುದು ಉಜ್ಜುವುದರಿಂದಲ್ಲ. ಕಾಂತದ ಎದುರು ಲೋಹದ ತಟ್ಟೆ ತಿರುಗಿದಾಗ ತಟ್ಟೆಯೊಳಗೇ ಸುಳಿ ವಿದ್ಯುತ್ ಹುಟ್ಟಿ, ಅದು ತನ್ನ ಹುಟ್ಟಿಗೆ ಕಾರಣವಾದ ಚಲನೆಯನ್ನೇ ಎದುರಿಸುತ್ತದೆ. ಫ್ರಾನ್ಸಿನ ಲಿಯಾನ್ ಫೂಕೋ ಇದನ್ನು 1855ರಲ್ಲಿ ತೋರಿಸಿಕೊಟ್ಟ. ತಾಮ್ರದ ಕೊಳವೆಯೊಳಗೆ ಬಲವಾದ ಅಯಸ್ಕಾಂತ ಬಿಟ್ಟರೆ ಅದು ಎಣ್ಣೆಯಲ್ಲಿ ಮುಳುಗಿದಂತೆ ನಿಧಾನ ಇಳಿಯುತ್ತದಲ್ಲ, ಹೈಸ್ಕೂಲಿನ ಪ್ರಯೋಗ, ಅದೇ ಇದು. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಓಡುವ ಆ್ಯಪು ಬ್ಲೂಟೂತ್ ಮೂಲಕ 'ಈಗ ಶೇ. 8' ಎಂದು ಹೇಳುತ್ತದೆ. ಯಂತ್ರ ನಿಮ್ಮ ತೂಕ, ಚಕ್ರದ ವೇಗ ನೋಡಿ ಲೆಕ್ಕ ಹಾಕಿ ಕಾಂತದ ಕರೆಂಟನ್ನು ಏರಿಸುತ್ತದೆ. ಹೀಗೆ ಏರಿಗೆ ತಕ್ಕಂತೆ ತಡೆ ಬದಲಾಗುವುದಕ್ಕೆ ಸಿಮ್ಯುಲೇಶನ್ ಮೋಡ್ ಎನ್ನುತ್ತಾರೆ. ಎರ್ಗ್ ಮೋಡ್ ಎಂಬುದು ಬೇರೆ; ಅಲ್ಲಿ ಏರಿನ ಮಾತೇ ಇಲ್ಲ, ನೀವು ಹೇಗೆ ತುಳಿದರೂ ಹೇಳಿದಷ್ಟು ವ್ಯಾಟ್ ವಸೂಲಿ ಮಾಡುತ್ತದೆ.

ನಿಧಾನವೇ ಕಷ್ಟ

ಸುಳಿ ವಿದ್ಯುತ್ತಿನ ಬ್ರೇಕಿಗೆ ಒಂದು ಹುಟ್ಟುಗುಣ ಇದೆ. ತಟ್ಟೆ ಜೋರಾಗಿ ತಿರುಗಿದರೆ ಜೋರಾದ ತಡೆ, ನಿಧಾನ ತಿರುಗಿದರೆ ಕಡಿಮೆ ತಡೆ, ನಿಂತರೆ ಏನೂ ಇಲ್ಲ. ಕಡಿಮೆ ವೇಗದಲ್ಲಿ ಬ್ರೇಕಿನ ಬಲ ವೇಗದ ಜತೆ ಜತೆಗೇ ಇಳಿಯುತ್ತದೆ. ಶಕ್ತಿ ಎಂದರೆ ಬಲ ಗುಣಿಸು ವೇಗ, ಆದ್ದರಿಂದ ವೇಗ ಅರ್ಧವಾದರೆ ಹೀರಬಲ್ಲ ವ್ಯಾಟ್ ಕಾಲುಭಾಗಕ್ಕೆ ಬೀಳುತ್ತದೆ.

ಏರು ಕೇಳುವುದು ಸರಿಯಾಗಿ ಇದರ ಉಲ್ಟಾ: ಚಕ್ರ ನಿಧಾನ, ಬಲ ಜಾಸ್ತಿ. ಯಂತ್ರದ ಪೆಟ್ಟಿಗೆಯ ಮೇಲೆ 1800 ವ್ಯಾಟ್, 2000 ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಚಕ್ರ ಗಂಟೆಗೆ 40 ಕಿ.ಮೀ. ವೇಗದಲ್ಲಿ ತಿರುಗುವಾಗಿನ ಮಾತು ಅದು. ಅದೇ ಚಕ್ರವನ್ನು 6 ಕಿ.ಮೀ. ವೇಗಕ್ಕೆ ಇಳಿಸಿ, ಶೇ. 18ರ ಏರು ಕೊಡು ಎಂದರೆ ಹಲವು ಯಂತ್ರಗಳು ಕೈಚೆಲ್ಲುತ್ತವೆ. ಪರದೆಯ ಮೇಲೆ ಶೇ. 18 ಎಂದೇ ಇರುತ್ತದೆ. ಕಾಲಿಗೆ ಸಿಗುವುದು ಹನ್ನೆರಡೋ ಹತ್ತೋ. ಸವಾರ ಭಾರವಿದ್ದಷ್ಟೂ ಈ ಮಿತಿ ಬೇಗ ಎದುರಾಗುತ್ತದೆ, ಯಾಕೆಂದರೆ ಅವನಿಗೆ ಬೇಕಾದ ತಡೆಯೂ ಹೆಚ್ಚು.

ಆದ್ದರಿಂದ ಕಂಪನಿಗಳು ಹೇಳುವ 'ಗರಿಷ್ಠ ಏರು' ಎಂಬ ಅಂಕಿಯನ್ನು ತುಸು ಉಪ್ಪು ಖಾರ ಬಿಟ್ಟು ಓದಬೇಕು. ವಾಹೂ ಕಂಪನಿಯ ಕಿಕರ್ ಶೇ. 20, ಅದರ ತಮ್ಮನಂತಿರುವ ಕಿಕರ್ ಕೋರ್ ಶೇ. 16, ಟ್ಯಾಕ್ಸ್ ನಿಯೋ ಶೇ. 25 ಎಂದು ಹೇಳಿಕೊಳ್ಳುತ್ತವೆ. ಇವುಗಳಲ್ಲಿ ನಿಯೋದ ಜಾಡೇ ಬೇರೆ. ಅದರಲ್ಲಿ ಭಾರದ ಫ್ಲೈವೀಲೂ ಇಲ್ಲ, ಬೆಲ್ಟೂ ಇಲ್ಲ. ದೊಡ್ಡ ವ್ಯಾಸದ ಮೋಟಾರೇ ತಡೆ ಕೊಡುತ್ತದೆ, ಬೇಕಾದರೆ ಇಳಿಜಾರಿನಲ್ಲಿ ಚಕ್ರವನ್ನು ತಾನೇ ತಿರುಗಿಸುತ್ತದೆ. ಮೋಟಾರಿಗೆ ನಿಧಾನ ವೇಗದಲ್ಲೂ ಬಲ ಹಿಡಿದಿಡುವ ತಾಕತ್ತಿರುವುದರಿಂದ ಕಡಿದಾದ ಏರಿನ ನಟನೆಯಲ್ಲಿ ಅದರ ಕೈ ಮೇಲು. ಬೆಲೆಯೂ ಹಾಗೇ ಮೇಲು. ಬಾಳೆಬರೆ, ಆಗುಂಬೆಗಳ ಅಭ್ಯಾಸಕ್ಕೆ ಶೇ. 25 ಯಾಕೆ ಬೇಕು ಎಂದು ಕೇಳಿದರೆ, ನನ್ನ ಮಟ್ಟಿಗೆ ಬೇಡ. ಶೇ. 15ರ ತನಕ ಪ್ರಾಮಾಣಿಕವಾಗಿ ಹಿಡಿಯುವ ಯಂತ್ರ ಇದ್ದರೆ ಧಾರಾಳವಾಯಿತು.

ನಿಮ್ಮ ಯಂತ್ರ ಪ್ರಾಮಾಣಿಕವೋ ಅಲ್ಲವೋ ತಿಳಿಯಲು ಒಂದು ಉಪಾಯ. ಏರನ್ನು ಶೇ. 8ಕ್ಕೆ ಇಟ್ಟು ಅತಿ ಸಣ್ಣ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಿರಿ. ನಂತರ ಶೇ. 10, 12, 14. ಒಂದೇ ಸುತ್ತಿನ ವೇಗದಲ್ಲಿ ವ್ಯಾಟ್ ಪ್ರತಿ ಸಲವೂ ಏರುತ್ತಾ ಹೋಗಬೇಕು. ಎಲ್ಲಿ ಏರುವುದನ್ನು ನಿಲ್ಲಿಸಿತೋ ಅಲ್ಲಿಗೆ ಆ ಯಂತ್ರದ ಘಾಟಿ ಮುಗಿಯಿತು. ಅದರ ಮೇಲೆ ಪರದೆ ಏನು ತೋರಿಸಿದರೂ ಚಿತ್ರ ಅಷ್ಟೇ.

ತೇರು ಹೊರಟ ಮೇಲೆ

ಕೋಟೇಶ್ವರದ ಕೋಟಿಲಿಂಗೇಶ್ವರನ ಕೊಡಿ ಹಬ್ಬದಲ್ಲಿ ತೇರಿನ ಮಿಣಿ ಹಿಡಿದವರಿಗೆ ಫ್ಲೈವೀಲ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಗಜ ಅಲುಗಿಸಲು ನೂರಾರು ಜನರ ಉಸಿರು ಬೇಕು. ಒಮ್ಮೆ ಹೊರಟಿತೋ, ಎಳೆಯುವವರು ಒಂದು ಕ್ಷಣ ಕೈ ಸಡಿಲ ಬಿಟ್ಟರೂ ತೇರು ತನ್ನಷ್ಟಕ್ಕೆ ಬರುತ್ತದೆ.

ಸಪಾಟು ರಸ್ತೆಯಲ್ಲಿ ಸೈಕಲು ಅಂಥದೇ ತೇರು. ಗಂಟೆಗೆ 33 ಕಿ.ಮೀ. ವೇಗದಲ್ಲಿ ಆ 80 ಕಿಲೋದಲ್ಲಿ ಸುಮಾರು 3360 ಜೂಲ್ ಚಲನಶಕ್ತಿ ತುಂಬಿರುತ್ತದೆ. ಪೆಡಲು ಮೇಲೆ–ಕೆಳಗೆ ನಿಂತು ಕಾಲಿನ ಬಲ ಸೊನ್ನೆಯಾಗುವ ಗಳಿಗೆಯಲ್ಲೂ ಗಾಡಿ ಸಾಗುತ್ತದೆ. ಘಾಟಿಯಲ್ಲಿ 8 ಕಿ.ಮೀ. ವೇಗಕ್ಕೆ ಇರುವುದು 200 ಜೂಲ್ ಮಾತ್ರ, ಹದಿನೇಳನೇ ಒಂದು ಪಾಲು. ಅಲ್ಲಿ ಕಾಲು ಬಿಟ್ಟರೆ ಗಾಡಿ ನಿಲ್ಲುತ್ತದೆ. ಹಾಗಾಗಿ ಏರಿನಲ್ಲಿ ಪೆಡಲಿನ ಪೂರ್ತಿ ಸುತ್ತನ್ನೂ ಅರೆಯಬೇಕು. ಬೇರೆಯದೇ ಸ್ನಾಯುಗಳು, ಬೇರೆಯದೇ ಲಯ.

ಇಲ್ಲಿಗೆ ಟ್ರೇನರ್‌ನ ದ್ವಂದ್ವ ಪೂರ್ತಿಯಾಗುತ್ತದೆ. ಬ್ರೇಕು ಚೆನ್ನಾಗಿ ಹಿಡಿಯಬೇಕಾದರೆ ಫ್ಲೈವೀಲ್ ಜೋರಾಗಿ ತಿರುಗಬೇಕು, ಅಂದರೆ ದೊಡ್ಡ ಗೇರು. ಏರಿನ ಅನುಭವ ಬೇಕಾದರೆ ಫ್ಲೈವೀಲ್ ನಿಧಾನ ತಿರುಗಬೇಕು, ಅಂದರೆ ಸಣ್ಣ ಗೇರು. ಎರಡೂ ಒಟ್ಟಿಗೆ ದಕ್ಕುವುದಿಲ್ಲ. ಎರ್ಗ್ ಮೋಡಿನಲ್ಲಿ ಮುಂದಿನ ದೊಡ್ಡ ತಟ್ಟೆಗೆ ಚೈನು ಹಾಕಿಕೊಂಡು 190 ವ್ಯಾಟ್ ಮುಕ್ಕಾಲು ಗಂಟೆ ತುಳಿದವರು, ವ್ಯಾಯಾಮ ಮಾಡಿದ್ದು ನಿಜ, ಘಾಟಿ ಹತ್ತಿದ್ದಲ್ಲ. ಹೊಸಂಗಡಿ ದಾಟಿದ ಮೊದಲ ತಿರುವಿನಲ್ಲೇ ಅದು ಗೊತ್ತಾಗುತ್ತದೆ. ಏರಿನ ಅಭ್ಯಾಸಕ್ಕೆ ಮುಂದಿನ ಸಣ್ಣ ತಟ್ಟೆ, ಹಿಂದಿನ ದೊಡ್ಡ ಹಲ್ಲುಚಕ್ರ, ನಿಮಿಷಕ್ಕೆ 55–65 ಸುತ್ತು. 34 ಹಲ್ಲಿನ ತಟ್ಟೆ, 32 ಹಲ್ಲಿನ ಚಕ್ರ ಇದ್ದರೆ ನಿಮಿಷಕ್ಕೆ 60 ಸುತ್ತಿನಲ್ಲಿ ಬರುವ ವೇಗ ಸರಿಯಾಗಿ ಆ 8 ಕಿ.ಮೀ. 28 ಹಲ್ಲಿನದಾದರೆ 52 ಸುತ್ತಿಗೇ ಅಷ್ಟು ವೇಗ, ಮಂಡಿ ಗೊಣಗುತ್ತದೆ.

ಆ್ಯಪು ಮುಚ್ಚಿಡುವ ಒಂದು ಅಂಕಿ

ಜ್ವಿಫ್ಟ್ ಎಂಬ ಆ್ಯಪು 2014ರಲ್ಲಿ ಶುರುವಾದದ್ದು. ಅದರೊಳಗಿನ ಆಲ್ಪ್ ಡು ಜ್ವಿಫ್ಟ್ ಎಂಬ ಏರು ಫ್ರಾನ್ಸಿನ ಆಲ್ಪ್ ದುಯೆಜ್‌ನ ನಕಲು: 12.2 ಕಿ.ಮೀ. ಉದ್ದ, 1036 ಮೀಟರ್ ಎತ್ತರ, ಸರಾಸರಿ ಶೇ. 8.5, ಇಪ್ಪತ್ತೊಂದು ತಿರುವು. ಆಗುಂಬೆಯ ಹದಿನಾಲ್ಕರ ಮುಂದೆ ಏಳು ಹೆಚ್ಚು.

ಹೊಸಬರು ಅದನ್ನು ಹತ್ತಿ 'ಪರವಾಗಿಲ್ಲವೇ' ಅಂದುಕೊಳ್ಳುತ್ತಾರೆ. ಸೆಟ್ಟಿಂಗಿನಲ್ಲಿ ಟ್ರೇನರ್ ಡಿಫಿಕಲ್ಟಿ ಎಂಬ ಪಟ್ಟಿ ಹುಟ್ಟುತ್ತಲೇ ಶೇ. 50ರಲ್ಲಿ ನಿಂತಿರುತ್ತದೆ ಎಂಬುದು ಆಗ ಅವರಿಗೆ ಗೊತ್ತಿರುವುದಿಲ್ಲ. ಪರದೆಯಲ್ಲಿ ಶೇ. 10 ಇದ್ದರೆ ಯಂತ್ರಕ್ಕೆ ಹೋಗುವ ಆಜ್ಞೆ ಶೇ. 5. ಇದು ಮೋಸವಲ್ಲ, ಮೇಲೆ ತಲುಪಲು ಬೇಕಾದ ಒಟ್ಟು ವ್ಯಾಟ್ ಕಡಿಮೆಯಾಗುವುದಿಲ್ಲ, ಅದೇ ವ್ಯಾಟಿಗೆ ಪರದೆಯ ವೇಗವೂ ಅಷ್ಟೇ. ಬದಲಾಗುವುದು ಗೇರು. ಶೇ. 50ರಲ್ಲಿ ಸಣ್ಣ ಗೇರಿಗೆ ಇಳಿಯುವ ಅಗತ್ಯವೇ ಬೀಳುವುದಿಲ್ಲ, ಕಾಲು ನಿಮಿಷಕ್ಕೆ 85ರ ಲಯದಲ್ಲಿ ಹಾಯಾಗಿ ತಿರುಗುತ್ತದೆ. ಹೃದಯಕ್ಕೆ ಅಭ್ಯಾಸವಾಯಿತು, ತೊಡೆಗೆ ಆಗಲಿಲ್ಲ. ಘಾಟಿಗೆ ತಯಾರಾಗುವವರು ಆ ಪಟ್ಟಿಯನ್ನು ಶೇ. 100ಕ್ಕೆ ಎಳೆಯಬೇಕು. ರೇಸಿಗೆ ಹೋಗುವವರು ಇದ್ದಲ್ಲೇ ಬಿಟ್ಟುಕೊಳ್ಳಲಿ.

ಘಾಟಿಯನ್ನು ಫೈಲಿಗೆ ಇಳಿಸುವುದು

ಬೆಂಗಳೂರಿನವರಿಗೆ ನಂದಿಬೆಟ್ಟ ಇದೆ. ನಸುಕಿನಲ್ಲೇ ಅದರ ಬುಡಕ್ಕೆ ಸೈಕಲುಗಳು ಸಾಲುಗಟ್ಟುತ್ತವೆ. ನಮಗೆ ಬೇಕಾದದ್ದು ಬಾಳೆಬರೆ. ಜ್ವಿಫ್ಟ್ ತನ್ನ ರಸ್ತೆಗಳನ್ನಷ್ಟೇ ಕೊಡುತ್ತದೆ. ಆದರೆ ಟ್ಯಾಕ್ಸ್ ಕಂಪನಿಯದಂಥ ಆ್ಯಪುಗಳಲ್ಲಿ, ಗಾರ್ಮಿನ್ ಎಡ್ಜ್, ವಾಹೂ ಎಲಿಮೆಂಟ್‌ನಂಥ ಸೈಕಲ್ ಕಂಪ್ಯೂಟರುಗಳಲ್ಲಿ ದಾರಿಯ ದಾಖಲೆಯಾದ ನಮ್ಮದೇ ಜಿಪಿಎಕ್ಸ್ ಫೈಲು ಹಾಕಬಹುದು. ಫೈಲಿನ ಏರಿಳಿತಕ್ಕೆ ತಕ್ಕಂತೆ ಟ್ರೇನರ್ ಕುಣಿಯುತ್ತದೆ.

ಕುಣಿಯುತ್ತದೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಇಂಟರ್‌ನೆಟ್ ನಕ್ಷೆಯ ಮೇಲೆ ಬೆರಳಿನಲ್ಲಿ ಗೆರೆ ಎಳೆದು ಮಾಡಿದ ಘಾಟಿ ಫೈಲನ್ನು ಮೊದಲ ಸಲ ತುಳಿದಾಗ ನನಗೆ ಶೇ. 22ರ ಏರು, ಮರುಕ್ಷಣವೇ ಶೇ. 9ರ ಇಳಿಜಾರು, ಮತ್ತೆ ಶೇ. 19 ಸಿಕ್ಕಿತು. ಬಾಳೆಬರೆಯಲ್ಲಿ ಅಂಥ ರಸ್ತೆಯೇ ಇಲ್ಲ. ಕಾರಣ ನಕ್ಷೆಯ ಎತ್ತರದ ಅಂಕಿಗಳಲ್ಲಿದೆ. ಇಂಥ ಅಂಕಿಗಳಿಗೆ ದೊಡ್ಡ ಮೂಲಗಳಲ್ಲೊಂದು, 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ರೇಡಾರ್‌ನಿಂದ ಮಾಡಿದ ಅಳತೆ. ಅದರಲ್ಲಿ ಸುಮಾರು 30 ಮೀಟರಿಗೊಂದು ಚುಕ್ಕೆ. ಗುಡ್ಡದ ಬದಿ ಕಡಿದು ಮಾಡಿದ ಏಳೆಂಟು ಮೀಟರ್ ಅಗಲದ ರಸ್ತೆಗೆ ಆ ಚುಕ್ಕೆ ಹೊಂದುವುದಿಲ್ಲ. ಒಂದು ಚುಕ್ಕೆ ಮೇಲಿನ ಧರೆಯ ಮೇಲೆ, ಇನ್ನೊಂದು ಕೆಳಗಿನ ಕಣಿವೆಯಲ್ಲಿ ಬೀಳುತ್ತದೆ. ಸಾಲದ್ದಕ್ಕೆ ಪಶ್ಚಿಮಘಟ್ಟದ ಕಾಡು. ರೇಡಾರ್ ಎಷ್ಟೋ ಕಡೆ ನೆಲವನ್ನಲ್ಲ, ಮರದ ತಲೆಯನ್ನು ಅಳೆದಿರುತ್ತದೆ.

ಸರಿಯಾದ ದಾರಿ ಎಂದರೆ, ಒಣ ದಿನದಲ್ಲಿ ಒಮ್ಮೆ ಘಾಟಿಯನ್ನು ನಿಜವಾಗಿ ಹತ್ತಿ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಕಂಪ್ಯೂಟರಿನಲ್ಲಿ ದಾಖಲಿಸಿಕೊಳ್ಳುವುದು. ಮಳೆಯಲ್ಲಿ ಇದು ಬೇಡ, ಅಳತೆಯ ಸಣ್ಣ ತೂತಿನಲ್ಲಿ ನೀರು ಕೂತರೆ ಅಂಕಿ ಕೆಡುತ್ತದೆ. ಹಾಗೆ ತಂದ ಫೈಲನ್ನೂ ಐವತ್ತು ನೂರು ಮೀಟರಿನ ಸರಾಸರಿಗೆ ನಯಗೊಳಿಸಿಕೊಳ್ಳಬೇಕು.

ಮುಂದಿನ ಚಕ್ರದ ಕೆಳಗೆ ಮಣೆ

ತಡೆ ಬಂದರೂ ಸೈಕಲು ನೆಟ್ಟಗೇ ನಿಂತಿರುತ್ತದಲ್ಲ. ನಿಜವಾದ ಏರಿನಲ್ಲಿ ಮೈ ಹಿಂದಕ್ಕೆ ವಾಲುತ್ತದೆ, ಸೀಟಿನಲ್ಲಿ ಮುಂದಕ್ಕೆ ಜರುಗಿ ಕೂರಬೇಕಾಗುತ್ತದೆ, ಸೊಂಟದ ಕೆಳಭಾಗ ಹಿಡಿದುಕೊಳ್ಳುತ್ತದೆ. ವಾಹೂ ಕಂಪನಿ 2017ರಲ್ಲಿ ಕಿಕರ್ ಕ್ಲೈಂಬ್ ಎಂಬ ಸಾಧನ ತಂದದ್ದು ಇದಕ್ಕೇ. ಮುಂದಿನ ಚಕ್ರ ಕಳಚಿ ಅದಕ್ಕೆ ಸಿಕ್ಕಿಸಿದರೆ ಏರಿಗೆ ಶೇ. 20ರ ತನಕ ಎತ್ತುತ್ತದೆ, ಇಳಿಜಾರಿಗೆ ಶೇ. 10ರ ತನಕ ತಗ್ಗಿಸುತ್ತದೆ. ಆ ಕಂಪನಿಯ ಆಯ್ದ ಯಂತ್ರಗಳಿಗಷ್ಟೇ ಅದು ಹೊಂದುವುದು.

ಬಡವರ ಉಪಾಯ ಇನ್ನೊಂದಿದೆ. ಸೈಕಲಿನ ಎರಡು ಚಕ್ರಗಳ ನಡುಬಿಂದುವಿನ ಅಂತರ ಹೆಚ್ಚುಕಡಿಮೆ ಒಂದು ಮೀಟರ್. ಹಾಗಾಗಿ ಮುಂದಿನ ಚಕ್ರವನ್ನು ಎಷ್ಟು ಸೆಂಟಿಮೀಟರ್ ಎತ್ತಿದರೆ ಅಷ್ಟು ಶೇಕಡಾ. ಲೆವೆಲ್ ಪಟ್ಟಿಯ ಲೆಕ್ಕವೇ ಇದು. ಅಡುಗೆಮನೆಯ ಮಣೆ ಎರಡು, ಒಂದರ ಮೇಲೊಂದು. ಮೇಲಿನದ್ದು ಜಾರದಂತೆ ನಡುವೆ ರಬ್ಬರ್ ಚಾಪೆಯ ತುಂಡು. ನಮ್ಮ ಮನೆಯ ಜೋಡಿ ಮಣೆ 9 ಸೆಂಟಿಮೀಟರ್. ಹಲಸಿನ ಹಲಗೆ, ಅಲುಗುವುದಿಲ್ಲ. ಇದರಿಂದ ತಡೆ ಒಂದಿಷ್ಟೂ ಹೆಚ್ಚುವುದಿಲ್ಲ, ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೂರುವ ಭಂಗಿಯನ್ನಷ್ಟೇ ಇದು ಕಲಿಸುತ್ತದೆ. ಅರ್ಧ ಗಂಟೆ ಹಾಗೆ ತುಳಿದು ಸೊಂಟ ಎಲ್ಲಿ ನೋಯುತ್ತದೆ ಎಂದು ಈಗಲೇ ತಿಳಿದುಕೊಂಡರೆ, ಸೀಟಿನ ಮೂಗನ್ನು ಒಂದು ಕೂದಲೆಳೆಯಷ್ಟು ತಗ್ಗಿಸಲು ನವೆಂಬರ್ ತನಕ ಕಾಯಬೇಕಿಲ್ಲ.

ಬೆವರು, ಉಪ್ಪು, ಕರೆಂಟು

190 ವ್ಯಾಟ್ ಪೆಡಲಿಗೆ ಕೊಡುವ ದೇಹ ಸುಮಾರು 650 ವ್ಯಾಟ್ ಬಿಸಿ ಹೊರಹಾಕುತ್ತದೆ, ಒಂದು ಸಣ್ಣ ಇಸ್ತ್ರಿಪೆಟ್ಟಿಗೆಯಷ್ಟು. ಕರಾವಳಿಯ ಜುಲೈ ತಿಂಗಳಲ್ಲಿ ಗಾಳಿಯೇ ನೀರಾಗಿರುವಾಗ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಆರಿದ್ದು ಮಾತ್ರ ಮಾಡುತ್ತದೆ. ಒಂದು ಸ್ಟ್ಯಾಂಡ್ ಫ್ಯಾನ್ ಎದುರಿಗೆ, ಇನ್ನೊಂದು ಬದಿಗೆ ಇಲ್ಲದೆ ಶುರು ಮಾಡಬೇಡಿ. ಘಾಟಿಯಲ್ಲೂ 8 ಕಿ.ಮೀ. ವೇಗಕ್ಕೆ ಗಾಳಿ ಎಷ್ಟಿದ್ದೀತು ಎಂದು ವಾದಿಸುವವರಿದ್ದಾರೆ. ಅಲ್ಲಿ ಮರದ ನೆರಳಿದೆ, ಕಣಿವೆಯ ತಣ್ಣನೆ ಗಾಳಿಯಿದೆ. ಹಂಚಿನ ಮನೆಯ ಜಗಲಿಯಲ್ಲಾದರೂ ಇಟ್ಟುಕೊಳ್ಳಿ, ತಾರಸಿ ಮನೆಯ ಮುಚ್ಚಿದ ಕೋಣೆ ಬೇಡ. ಜಗಲಿಯಲ್ಲಿಟ್ಟರೆ ದಾರಿಹೋಕರ ಮಾತೂ ಕೇಳಬೇಕಾಗುತ್ತದೆ ಅನ್ನಿ: "ಹ್ವಾಯ್, ಎಂತ ಮಾರಾಯ್ರೆ, ಹೊತಾರಿಂದ ತುಳಿತಾ ಇದ್ರಿ, ಇನ್ನೂ ಇಲ್ಲೇ ಇದ್ರಿಯಾ?"

ಕಡಲ ಉಪ್ಪುಗಾಳಿಗೆ ಬೆವರಿನ ಉಪ್ಪು ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಹ್ಯಾಂಡಲ್ ಬೋಲ್ಟು, ಸೀಟಿನ ಕೊಳವೆ, ಚೈನು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತವೆ. ಹ್ಯಾಂಡಲ್ ಮೇಲೊಂದು ಪಂಚೆಯ ತುಂಡು ಹಾಸಿ, ಇಳಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ವಾರಕ್ಕೊಮ್ಮೆ ಚೈನಿಗೆ ಎಣ್ಣೆ.

ಇನ್ನು ಕರೆಂಟು. ವಿದ್ಯುತ್ಕಾಂತದ ಯಂತ್ರದಲ್ಲಿ ಕರೆಂಟು ಹೋದರೆ ತಡೆಯೂ ಹೋಗುತ್ತದೆ, ಶೇ. 12ರಲ್ಲಿ ಎದ್ದು ನಿಂತು ತುಳಿಯುತ್ತಿರುವಾಗ ಕಾಲ ಕೆಳಗಿನ ಮೆಟ್ಟಿಲೇ ಮಾಯವಾದಂತೆ. ಸಿಡಿಲು ಗುಡುಗಿನ ಸಂಜೆ ಎದ್ದು ತುಳಿಯುವ ಸಾಹಸ ಬೇಡ. ನಿಯೋದಂಥ ಮೋಟಾರು ಯಂತ್ರ ತುಳಿಯುವವರ ಶಕ್ತಿಯಿಂದಲೇ ತನಗೆ ಬೇಕಾದ ಕರೆಂಟು ಮಾಡಿಕೊಂಡು ಓಡಬಲ್ಲದು. ಉಳಿದವಕ್ಕೆ ಮನೆಯ ಇನ್ವರ್ಟರ್ ಸಾಕು, ಯಂತ್ರ ಎಳೆಯುವ ಕರೆಂಟು ಅಲ್ಪ.

ಇಳಿಯುವುದು

500 ಮೀಟರ್ ಏರಿನ, ಸರಾಸರಿ ಶೇ. 7ರ ಘಾಟಿಯನ್ನು 190 ವ್ಯಾಟಿನಲ್ಲಿ ಹತ್ತಲು ನಲವತ್ತು ನಿಮಿಷದ ಹತ್ತಿರ ಬೇಕು. ಅಷ್ಟನ್ನು ಕೋಣೆಯಲ್ಲಿ ಕಲಿಯಬಹುದು. ಹತ್ತಿದ ಮೇಲೆ ಇಳಿಯುವುದನ್ನು ಯಾವ ಯಂತ್ರವೂ ಕಲಿಸುವುದಿಲ್ಲ. ಜ್ವಿಫ್ಟ್ ಇಳಿಜಾರನ್ನು ಅರ್ಧಕ್ಕೆ ಇಳಿಸಿಯೇ ಯಂತ್ರಕ್ಕೆ ಕಳಿಸುತ್ತದೆ. ತಿರುವಿನಲ್ಲಿ ಪರದೆಯ ಸೈಕಲು ತಾನೇ ವಾಲಿಕೊಳ್ಳುತ್ತದೆ, ಬ್ರೇಕು ಹಿಡಿಯುವ ಕೆಲಸವೇ ಇಲ್ಲ. ಬಾಳೆಬರೆಯಲ್ಲಿ ಹಾಗಲ್ಲ. ರಿಮ್ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಸಿಡಿಯುವ ಅಪಾಯವಿದೆ. ತಿರುವಿಗೆ ಮೊದಲೇ ಎರಡು ಬಾರಿ ಗಟ್ಟಿಯಾಗಿ ಹಿಡಿದು ಬಿಡಬೇಕು, ತಿರುವಿನೊಳಗೆ ಹಿಡಿಯಬಾರದು. ನವೆಂಬರ್‌ನಲ್ಲಿ ಮೊದಲ ಸಲ ಹೋಗುವಾಗ ಹೊಸ ಬ್ರೇಕ್ ರಬ್ಬರ್ ಹಾಕಿಸಿಕೊಂಡು ಹೋಗಿ. ನಾಲ್ಕು ತಿಂಗಳು ಟ್ರೇನರ್ ಮೇಲೆ ಸುಮ್ಮನೆ ಕೂತ ಹಳೆಯ ರಬ್ಬರ್ ಗಟ್ಟಿಯಾಗಿರಬಹುದು.